ಸಂಬಳ, ಬಿಲ್ಲು, ಬೆಲ್ಲ: ಕೆಲಸ ಬಿಟ್ಟ ಮೇಲೆ ಹಿಡಿದ ಎರಡು ದಾರಿಗಳ ಹೋಲಿಕೆ

ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಹತ್ತು ವರ್ಷ ಒಂಬತ್ತು ತಿಂಗಳು ದುಡಿದು, 2022ರ ಮಾರ್ಚ್ ಕೊನೆಯಲ್ಲಿ ರಾಜೀನಾಮೆ ಕೊಟ್ಟು ಮೈಸೂರಿನ ಕುವೆಂಪುನಗರಕ್ಕೆ ಬಂದಾಗ ನನ್ನ ತಿಂಗಳ ಸಂಬಳ 2.6 ಲಕ್ಷ ರೂಪಾಯಿ ಇತ್ತು. ತೆರಿಗೆ ಮತ್ತು ಭವಿಷ್ಯ ನಿಧಿ ಕಳೆದು ಸುಮಾರು 1.9 ಲಕ್ಷ ಕೈಗೆ ಬರುತ್ತಿತ್ತು. ಅಂದಿನಿಂದ ಎರಡು ಸ್ವಂತ ಉದ್ಯೋಗಗಳನ್ನು ಮಾಡಿ ನೋಡಿದ್ದೇನೆ. ಒಂದು, ಮನೆಯಲ್ಲೇ ಕುಳಿತು ಬೇರೆ ಬೇರೆ ಕಂಪನಿಗಳಿಗೆ ಡೇಟಾಬೇಸ್ ಕೆಲಸ ಮಾಡಿಕೊಟ್ಟು ಬಿಲ್ಲು ಕಳಿಸುವುದು. ಇನ್ನೊಂದು, ಪಾಂಡವಪುರ ತಾಲ್ಲೂಕಿನ ನಮ್ಮ ಎರಡು ಎಕರೆಯ ಕಬ್ಬನ್ನು ಚಿಕ್ಕಪ್ಪನ ಆಲೆಮನೆಯಲ್ಲಿ ಆಡಿಸಿ ಬೆಲ್ಲ ಮಾರುವುದು. ಎಷ್ಟು ಬಂತು ಎನ್ನುವುದಕ್ಕಿಂತ ಹಣ ಯಾವ ದಿನ ಬರುತ್ತದೆ, ಬೆಲೆಯನ್ನು ಯಾರು ಕಟ್ಟುತ್ತಾರೆ ಎಂಬ ಎರಡು ಪ್ರಶ್ನೆಗಳನ್ನು ಇಟ್ಟುಕೊಂಡು ಇವನ್ನು ತೂಗಬೇಕು ಎಂಬುದು ನನ್ನ ಅನುಭವ.

ಮೊದಲು ಬಿಟ್ಟು ಬಂದದ್ದರ ಲೆಕ್ಕ. ನೌಕರಿಯಲ್ಲಿದ್ದಷ್ಟು ದಿನ ಸಂಬಳದ ಚೀಟಿಯ ಕೊನೆಯ ಸಾಲನ್ನಷ್ಟೇ ನೋಡುತ್ತಿದ್ದೆ. ಅದರ ಆಚೆಗೆ ಇನ್ನೂ ಮೂರು ವಿಷಯಗಳಿದ್ದವು. ಗ್ರಾಚ್ಯುಯಿಟಿಯನ್ನು, ಅಂದರೆ ಕೆಲಸ ಬಿಡುವಾಗ ಸೇವೆಗಾಗಿ ಕೊಡುವ ಇಡುಗಂಟನ್ನು, ಆಗ ಕೊನೆಯ ಮೂಲ ವೇತನದ 26ನೇ 15 ಭಾಗವನ್ನು ಸೇವಾವಧಿಯ ವರ್ಷಗಳಿಂದ ಗುಣಿಸಿ ಕೊಡುತ್ತಿದ್ದರು, ಆರು ತಿಂಗಳು ಮೀರಿದ ಕೊನೆಯ ಭಾಗವನ್ನು ಪೂರ್ಣ ವರ್ಷವೆಂದು ಹಿಡಿಯುತ್ತಿದ್ದರು. ನನ್ನ ಮೂಲ ವೇತನ 1,04,000 ಇದ್ದುದರಿಂದ ಹನ್ನೊಂದು ವರ್ಷಕ್ಕೆ 6.6 ಲಕ್ಷ ಬಂತು, ಮೊದಲ ವರ್ಷದ ಭಯವನ್ನು ಅರ್ಧ ಇಳಿಸಿದ್ದು ಆ ಹಣವೇ. ನೌಕರರ ಪಿಂಚಣಿ ಯೋಜನೆಯಲ್ಲಿ ತಿಂಗಳ ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕಾಗಿರುವುದರಿಂದ ಆ ಗಡಿ ದಾಟುವವರೆಗೆ ಕಾದಿದ್ದೆ. ಒಂಬತ್ತನೆಯ ವರ್ಷದಲ್ಲಿ ಬೇಸತ್ತು ಬಿಡಲು ಹೊರಟವರಿಗೆ ಇದನ್ನು ಒತ್ತಿ ಹೇಳುತ್ತೇನೆ. ಮೂರನೆಯದಾದ ಆರೋಗ್ಯ ವಿಮೆಯಲ್ಲಿ ಮಾತ್ರ ತಪ್ಪಿದೆ. ಕಂಪನಿಯ ಗುಂಪು ವಿಮೆಯಲ್ಲಿದ್ದವರು ಅದೇ ವಿಮಾ ಸಂಸ್ಥೆಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಂಡರೆ ಹಿಂದಿನ ವರ್ಷಗಳು ಲೆಕ್ಕಕ್ಕೆ ಸಿಗುತ್ತವೆ. ನಾನು ಕೊನೆಯ ವಾರದಲ್ಲಿ ವಿಚಾರಿಸಿ ಆ ಅವಕಾಶವನ್ನು ಕಳೆದುಕೊಂಡೆ, ಹೊಸ ಪಾಲಿಸಿಯಲ್ಲಿ ಅಪ್ಪನ ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಕಾಯುವ ಅವಧಿ ಬಿತ್ತು. ಆ ವರ್ಷಗಳಲ್ಲಿ ಅಪ್ಪ ಕೆಮ್ಮಿದರೂ ನನಗೆ ನಿದ್ದೆ ಬರುತ್ತಿರಲಿಲ್ಲ.

ಬಿಲ್ಲಿನ ದಾರಿಗೆ ಬರುತ್ತೇನೆ. ಮೊದಲ ವರ್ಷ ಬಂದ ಹಣ 18.4 ಲಕ್ಷ, ಎರಡನೆಯ ವರ್ಷ 26 ಲಕ್ಷ. ಸಂಬಳದ ಎದುರು ಇದು ಕಡಿಮೆಯಾಗಿ ಕಂಡರೂ ತೆರಿಗೆಯ ಕ್ರಮ ಬೇರೆ. ಆಗ ಜಾರಿಯಲ್ಲಿದ್ದ 1961ರ ಆದಾಯ ತೆರಿಗೆ ಕಾಯ್ದೆಯ 44ಎಡಿಎ ಕಲಮಿನ ಪ್ರಕಾರ ವೃತ್ತಿಪರರು ಒಟ್ಟು ಸ್ವೀಕೃತಿಯ ಅರ್ಧವನ್ನು ಆದಾಯವೆಂದು ತೋರಿಸಿದರೆ ಸಾಕಿತ್ತು, ಪೂರ್ತಿ ಲೆಕ್ಕಪುಸ್ತಕ ಇಡಬೇಕಿರಲಿಲ್ಲ. ಮುಂಗಡ ತೆರಿಗೆಯನ್ನು ನಾಲ್ಕು ಕಂತುಗಳ ಬದಲು ಮಾರ್ಚ್ 15ರೊಳಗೆ ಒಂದೇ ಸಲ ಕಟ್ಟಬಹುದಿತ್ತು. 20 ಲಕ್ಷ ದಾಟಿದ ವರ್ಷ ಜಿಎಸ್‌ಟಿ ನೋಂದಣಿ ಆಯಿತು, ವಿದೇಶದ ಗಿರಾಕಿಗಳಿಗೆ ತೆರಿಗೆ ಹಾಕದೆ ಬಿಲ್ಲು ಮಾಡಲು ವರ್ಷಕ್ಕೊಮ್ಮೆ ಮುಚ್ಚಳಿಕೆ ಸಲ್ಲಿಸಬೇಕಾಯಿತು. ಕಾಗದದ ಕೆಲಸ ಕೇಳಿದಷ್ಟು ಕಷ್ಟವಲ್ಲ, ತಿಂಗಳಿಗೆ ಅರ್ಧ ದಿನ ಹಿಡಿಯುತ್ತದೆ.

ಕಷ್ಟವಿರುವುದು ವಸೂಲಿಯಲ್ಲಿ. ಬ್ರಿಟನ್ನಿನ ಗಿರಾಕಿಯಿಂದ ಮೂವತ್ತು ದಿನಕ್ಕೆ ಸರಿಯಾಗಿ ಹಣ ಬರುತ್ತಿದ್ದರೆ, ಬೆಂಗಳೂರಿನ ಸಣ್ಣ ಸಂಸ್ಥೆಯೊಂದು 2.1 ಲಕ್ಷದ ಬಿಲ್ಲನ್ನು ನಾಲ್ಕು ತಿಂಗಳು ಎಳೆಯಿತು. ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಹೆಚ್ಚೆಂದರೆ 45 ದಿನಗಳಲ್ಲಿ ಹಣ ಕೊಡಬೇಕು, ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ ಸೇರಿಸಬೇಕು ಎಂದು 2006ರ ಕಾಯ್ದೆಯೇ ಹೇಳುತ್ತದೆ. ಆದರೆ ಸಣ್ಣ ಉದ್ಯಮವೆಂದು ಸರ್ಕಾರದಲ್ಲಿ ದಾಖಲಾಗುವ ಉದ್ಯಮ್ ನೋಂದಣಿಯನ್ನು ನಾನು ಮಾಡಿಸಿದ್ದು ಆ ಕೆಲಸ ಮುಗಿಸಿಕೊಟ್ಟ ಮೇಲೆ, ಹಾಗಾಗಿ ಆ ಬಿಲ್ಲಿಗೆ ಆ ರಕ್ಷಣೆ ನನಗೆ ಸಿಗಲಿಲ್ಲ. ಒಂದು ರೂಪಾಯಿ ಖರ್ಚಿಲ್ಲದ ಆ ನೋಂದಣಿಯನ್ನು ಮೊದಲ ಗಿರಾಕಿ ಸಿಗುವ ಮೊದಲೇ ಮಾಡಿಸಬೇಕಿತ್ತು. ಹಾಗಿದ್ದರೂ ಈ ದಾರಿಯಲ್ಲಿ ಬೆಲೆಯನ್ನು ನಾನೇ ಹೇಳುತ್ತೇನೆ, ಒಪ್ಪದಿದ್ದರೆ ಬಿಡುತ್ತೇನೆ. ಈ ಸ್ವಾತಂತ್ರ್ಯ ಎಷ್ಟು ದೊಡ್ಡದು ಎಂಬುದು ಬೆಲ್ಲ ಹೊತ್ತು ಮಾರುಕಟ್ಟೆಗೆ ಹೋದ ದಿನ ತಿಳಿಯಿತು.

ಬೆಲ್ಲಕ್ಕೆ ಇಳಿದದ್ದು ಹಣದ ಆಸೆಯಿಂದಲ್ಲ. ಮಂಡ್ಯ ಜಿಲ್ಲೆಯಲ್ಲಿ ಹುಟ್ಟಿದವರಿಗೆ ಕೊಪ್ಪರಿಗೆಯ ವಾಸನೆ ಬಾಲ್ಯದಷ್ಟೇ ಆಪ್ತ, ಅದನ್ನು ಉಳಿಸಿಕೊಳ್ಳಬೇಕು ಎಂಬ ಹಂಬಲ ನನಗೆ ಇತ್ತು, ಇಂದಿಗೂ ಇದೆ. ಒಂದು ಜಿಲ್ಲೆ ಒಂದು ಉತ್ಪನ್ನ ಯೋಜನೆಯಡಿ ಮಂಡ್ಯಕ್ಕೆ ಬೆಲ್ಲವನ್ನೇ ಗುರುತಿಸಲಾಗಿದೆ. ಕಿರು ಆಹಾರ ಉದ್ಯಮಗಳ ಕೇಂದ್ರ ಯೋಜನೆಯಲ್ಲಿ ಬ್ಯಾಂಕ್ ಸಾಲ ಪಡೆದು ಘಟಕ ಕಟ್ಟುವವರಿಗೆ ವೆಚ್ಚದ ಶೇ. 35ರಷ್ಟು, 10 ಲಕ್ಷ ಮೀರದಂತೆ, ಸಹಾಯಧನವಿತ್ತು. ಸಾಲದ ಅರ್ಜಿಯನ್ನು ತುಂಬಿಯೂ ಆಗಿತ್ತು. ಒಂದು ಹಂಗಾಮು ಕೈಯಾರೆ ಮಾಡಿ ನೋಡಿದ ಮೇಲೆ ಕೊಡೋಣ ಎಂದು ತಡೆದದ್ದು ಒಳ್ಳೆಯದಾಯಿತು.

ನಾನು ಆರಿಸಿಕೊಂಡ ಹಂಗಾಮು 2023ರ ಡಿಸೆಂಬರ್‌ನಿಂದ 2024ರ ಮಾರ್ಚ್‌ವರೆಗಿನದು. 2023ರ ಮುಂಗಾರು ಕೈಕೊಟ್ಟು ಕನ್ನಂಬಾಡಿ ಕಟ್ಟೆ 124.80 ಅಡಿಯ ಗರಿಷ್ಠ ಮಟ್ಟ ಮುಟ್ಟದೆ ಹೋಯಿತು, ನಾಲೆಯ ನೀರಿಗೆ ದಿನ ಎಣಿಸುವಂತಾಯಿತು. ಎಕರೆಗೆ 40 ಟನ್ ಬರುತ್ತಿದ್ದ ನಮ್ಮ ಗದ್ದೆಯಲ್ಲಿ ಎರಡೂ ಎಕರೆ ಸೇರಿ 55 ಟನ್ ಕಬ್ಬು ಸಿಕ್ಕಿತು. ಟನ್ನಿಗೆ ಸುಮಾರು ನೂರು ಕಿಲೋ ಬೆಲ್ಲ ಬೀಳುತ್ತದೆ.

ಆಲೆಮನೆಯ ಕೆಲಸ ಬೆಳಗಿನ ಜಾವ ಮೂರಕ್ಕೆ ಶುರುವಾದರೆ ಕೆಲವು ದಿನ ರಾತ್ರಿ ಹತ್ತಾಗುತ್ತಿತ್ತು. ಗಾಣದಿಂದ ಕಬ್ಬಿನ ಹಾಲು ತೊಟ್ಟಿಗೆ ಇಳಿದು, ಅಲ್ಲಿಂದ ಕೊಪ್ಪರಿಗೆಗೆ ಬಂದು, ಸುಣ್ಣದ ತಿಳಿ ಮತ್ತು ಜಜ್ಜಿದ ಬೆಂಡೆ ಗಿಡದ ಲೋಳೆ ಹಾಕಿದಾಗ ಹಸಿರುಗಪ್ಪು ಮಡ್ಡಿ ಮೇಲೆದ್ದು ಬರುತ್ತದೆ. ಅದನ್ನು ತೆಗೆದಷ್ಟೂ ಬೆಲ್ಲ ಶುದ್ಧ. ಕೊನೆಯ ಹತ್ತು ನಿಮಿಷ ನೊರೆಯ ಗುಳ್ಳೆಗಳು ಸಣ್ಣದಾಗುತ್ತ, ಸದ್ದು ದಪ್ಪವಾಗುತ್ತ ಹೋಗುವಾಗ ಚಿಕ್ಕಪ್ಪ ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉರುಟಿ ನೋಡುತ್ತಾರೆ. ಜನವರಿಯ ಒಂದು ರಾತ್ರಿ ಒಂಬತ್ತರ ಹೊತ್ತಿಗೆ ಅವರು ಊಟಕ್ಕೆ ಹೋಗಿ ನನ್ನನ್ನು ಕೂರಿಸಿದ್ದರು. ಆಗಲೇ ಬ್ರಿಟನ್ನಿನ ಗಿರಾಕಿಯ ಕರೆ ಬಂತು. ಸದ್ದಿನಲ್ಲಿ ಮಾತು ಕೇಳದೆ ಹೊರಗೆ ಹೋದೆ, ಬಂದು ನೋಡುವಷ್ಟರಲ್ಲಿ ಒಂದು ಟನ್ ಕಬ್ಬಿನ ಪಾಕ ಹತ್ತಿ ಕಪ್ಪಾಗಿತ್ತು. ಚಿಕ್ಕಪ್ಪ ಗದರಲಿಲ್ಲ. “ಪಾಕಕ್ಕೆ ಕಣ್ಣು ಬೇಕು ಕಣವ್ವ, ಅರ್ಧ ಮನಸ್ಸಲ್ಲಿ ಆಗೋ ಕೆಲ್ಸ ಅಲ್ಲ ಇದು” ಎಂದಷ್ಟೇ ಹೇಳಿ ಒಲೆಗೆ ಸಿಪ್ಪೆ ತಳ್ಳುವುದನ್ನು ನಿಲ್ಲಿಸಿದರು. ನೂರು ಕಿಲೋ ಬೆಲ್ಲ ಹೋಯಿತು ಎನ್ನುವುದಕ್ಕಿಂತ, ನಾಲ್ಕು ಜನರ ಒಂದಿಡೀ ದಿನದ ದುಡಿಮೆಯನ್ನು ನಾನು ಕೆಡಿಸಿದೆ ಎಂಬುದು ಇಂದಿಗೂ ನೋಯಿಸುತ್ತದೆ.

ಉಳಿದ 5,400 ಕಿಲೋದಲ್ಲಿ 3,600 ಕಿಲೋ ಮಂಡ್ಯದ ಬೆಲ್ಲದ ಮಾರುಕಟ್ಟೆಗೆ ಹೋಯಿತು. ಅಲ್ಲಿ ತಿಳಿ ಹಳದಿ ಬಣ್ಣಕ್ಕೆ ಬೆಲೆ ಹೆಚ್ಚು. ಆ ಬಣ್ಣ ಬರಲು ಕೆಲವರು ಹೈಡ್ರೋಸ್ ಎಂಬ, ಗಂಧಕವಿರುವ ಬಿಳಿಚಿಸುವ ರಾಸಾಯನಿಕ ಹಾಕುತ್ತಾರೆ. ಬೆಲ್ಲದಲ್ಲಿ ಗಂಧಕದ ಡೈಆಕ್ಸೈಡ್ ಕಿಲೋಗೆ 70 ಮಿಲಿಗ್ರಾಂ ಮೀರಬಾರದೆಂಬ ನಿಯಮವಿದ್ದರೂ ಹರಾಜಿನ ಹೊತ್ತಿನಲ್ಲಿ ನೋಡುವುದು ಕಣ್ಣಿಗೆ ಕಾಣುವ ಬಣ್ಣವನ್ನೇ. ನಮ್ಮದು ಕಂದು ಬೆಲ್ಲ, ಕಿಲೋಗೆ ಸರಾಸರಿ 42 ರೂಪಾಯಿ ಸಿಕ್ಕಿತು. ಹೊಲದಲ್ಲಿ ಒಂದು ವರ್ಷ ಬೆಳೆದದ್ದರ ಬೆಲೆಯನ್ನು ಇನ್ನೊಬ್ಬರು ಅರ್ಧ ನಿಮಿಷದಲ್ಲಿ ಕಟ್ಟಿದರು, ಬೇಡವೆಂದು ಹೇರಿಕೊಂಡು ವಾಪಸು ಹೋಗಲು ಗಾಡಿ ಬಾಡಿಗೆ ಬಿಡಲಿಲ್ಲ. ಮಿಕ್ಕ 1,800 ಕಿಲೋವನ್ನು ಎರಡು ಕಿಲೋದ ಪೊಟ್ಟಣ ಮಾಡಿ ಮೈಸೂರಿನ ಪರಿಚಯದ ಮನೆಗಳಿಗೆ ಕಿಲೋಗೆ 90 ರೂಪಾಯಿಯಂತೆ ಕೊಟ್ಟೆ.

ಒಟ್ಟು ಬಂದದ್ದು 3,13,200. ಕಡಿತ ಮತ್ತು ಸಾಗಣೆಗೆ 38,500, ಆಲೆಮನೆಯ ಕೂಲಿ ಮತ್ತು ಇತರ ಖರ್ಚಿಗೆ 77,000, ಪೊಟ್ಟಣ ಮತ್ತು ಮನೆಮನೆಗೆ ಮುಟ್ಟಿಸಿದ್ದಕ್ಕೆ 27,000 ಕಳೆದು ಉಳಿದದ್ದು 1,70,700. ಅದೇ ಕಬ್ಬನ್ನು ಕಾರ್ಖಾನೆಗೆ ಹೊಡೆದಿದ್ದರೆ, ಆ ಹಂಗಾಮಿಗೆ ಕೇಂದ್ರ ನಿಗದಿ ಮಾಡಿದ್ದ ಟನ್ನಿಗೆ 3,150ರ ದರದಲ್ಲಿ, ಕಡಿತ ಮತ್ತು ಸಾಗಣೆ ಕಳೆದು 1,34,750 ಬರುತ್ತಿತ್ತು. ಬೇಸಾಯದ ಖರ್ಚು ಎರಡಕ್ಕೂ ಒಂದೇ. ನಾಲ್ಕು ತಿಂಗಳ ದುಡಿಮೆ ಕೂಡಿಸಿಕೊಟ್ಟದ್ದು 36 ಸಾವಿರಕ್ಕೂ ಕಡಿಮೆ, ಅದು ನಾನು ಡೇಟಾಬೇಸ್ ಕೆಲಸದಲ್ಲಿ ನಾಲ್ಕೈದು ದಿನಕ್ಕೆ ಪಡೆಯುವ ಹಣ.

ಹಾಗೆಂದು ಬೆಲ್ಲ ಸೋತಿತು ಎಂದು ನಾನು ಬರೆಯುವುದಿಲ್ಲ, ಏಕೆಂದರೆ ಈ ಲೆಕ್ಕದೊಳಗೆ ಎರಡು ಬೇರೆ ವ್ಯಾಪಾರಗಳಿವೆ. ಮನೆಗಳಿಗೆ ಕೊಟ್ಟ ಬೆಲ್ಲದಲ್ಲಿ ಪೊಟ್ಟಣದ ಖರ್ಚು ಕಿಲೋಗೆ 15 ಕಳೆದರೂ ಮಾರುಕಟ್ಟೆಗಿಂತ 33 ರೂಪಾಯಿ ಹೆಚ್ಚು ಉಳಿಯಿತು, ಬೆಲೆಯನ್ನು ಹೇಳಿದ್ದೂ ನಾನೇ. ಮಾರುಕಟ್ಟೆಗೆ ಹೋದ ಬೆಲ್ಲ ಕಾರ್ಖಾನೆಯ ಕಬ್ಬಿಗಿಂತಲೂ ಕಡಿಮೆ ಉಳಿಸಿತು. ಸಾಫ್ಟ್‌ವೇರ್ ಬಿಲ್ಲಿಗೂ ಮನೆಗಳಿಗೆ ಕೊಡುವ ಬೆಲ್ಲಕ್ಕೂ ಇರುವ ಹೋಲಿಕೆ ಇಲ್ಲಿಯೇ ಇದೆ: ಎರಡರಲ್ಲೂ ಕೊಳ್ಳುವವರ ಪರಿಚಯ ಮೊದಲು, ಕೆಲಸ ಆಮೇಲೆ. ಹತ್ತು ವರ್ಷದ ನೌಕರಿಯಲ್ಲಿ ಸಿಕ್ಕ ಪರಿಚಯಗಳೇ ನನಗೆ ಮೊದಲ ಮೂರು ಗಿರಾಕಿಗಳನ್ನು ತಂದಿದ್ದವು. ಬೆಲ್ಲಕ್ಕೆ ಅಂಥ ಹತ್ತು ವರ್ಷ ಇನ್ನೂ ನನ್ನ ಬೆನ್ನಿಗಿಲ್ಲ.

ಸಂಸಾರ ನಡೆಸಲು ಬಿಲ್ಲಿನ ದಾರಿಯನ್ನೇ ಹಿಡಿಯಿರಿ ಎಂದು ನಾನು ಹೇಳುತ್ತೇನೆ, ಅದಕ್ಕೂ ಮುನ್ನ ಒಂದು ವರ್ಷದ ಮನೆಖರ್ಚು ಬೇರೆ ಖಾತೆಯಲ್ಲಿ ಇರಲಿ. ಬೆಲ್ಲಕ್ಕೆ ಸಾಲ ಮಾಡಿ ಘಟಕ ಕಟ್ಟುವ ವಿಚಾರವನ್ನು ಕೈಬಿಟ್ಟೆ. ಮುಂದಿನ ಹಂಗಾಮುಗಳಲ್ಲಿ 20 ಟನ್ ಕಬ್ಬನ್ನು ಮಾತ್ರ ಆಲೆಮನೆಗೆ ಇಟ್ಟುಕೊಂಡು ಉಳಿದದ್ದನ್ನು ಕಾರ್ಖಾನೆಗೆ ಕಳಿಸುತ್ತಿದ್ದೇವೆ, ಬೆಲ್ಲವೆಲ್ಲ ಯುಗಾದಿಯೊಳಗೆ ಮನೆಗಳಿಗೇ ಖಾಲಿಯಾಗುತ್ತದೆ. ಒಲೆ ಹೊತ್ತುವುದು ಶನಿವಾರ ಮತ್ತು ಭಾನುವಾರ. ಆ ಎರಡು ದಿನ ನನ್ನ ಫೋನು ಚಿಕ್ಕಮ್ಮನ ಅಡುಗೆಮನೆಯ ಗೂಡಿನಲ್ಲಿರುತ್ತದೆ, ಕೊಪ್ಪರಿಗೆಯ ಪಕ್ಕದ ಮಣೆಯ ಮೇಲೆ ನಾನಿರುತ್ತೇನೆ.