ಬಾಣಂತನದಾಗ ತೂಕ ಇಳಿಸುವ ಪುಡಿ, ಚಹಾ: ದಯವಿಟ್ಟು ಮುಟ್ಟಬೇಡ್ರಿ

ಹುಬ್ಬಳ್ಳಿಯ ಒಬ್ಬ ಬಾಣಂತಿಗೆ ಆದದ್ದನ್ನು ಹೆಸರು ಹೇಳದೆ ಬರೆಯುತ್ತಿದ್ದೇವೆ. ಬಾಣಂತಿಯರಷ್ಟೇ ಅಲ್ಲ, ಅವರ ಅವ್ವಂದಿರು, ಗಂಡಂದಿರೂ ಓದಬೇಕು.

ತೊಟ್ಟಿಲ ಕಾರ್ಯಕ್ಕೆ ಬಂದವರು ಕೂಸಿನ ಮುಖ ನೋಡುವ ಮೊದಲೇ "ಹೊಟ್ಟಿ ಇನ್ನೂ ಇಳದಿಲ್ಲಲ್ಲ ಯವ್ವಾ" ಅಂದರು. ಎರಡನೇ ತಿಂಗಳಿಗೆ ಪರಿಚಯದವರೊಬ್ಬರು ಪುಡಿ ಡಬ್ಬಿ ತಂದುಕೊಟ್ಟರು. ಎರಡು ಹೊತ್ತಿನ ಊಟದ ಬದಲು ಪುಡಿ, ಮಲಗುವಾಗ "ಹೊಟ್ಟೆ ಇಳಿಸುವ ಚಹಾ", ದಿನಾ ಬೆಳಿಗ್ಗೆ ತೂಕದ ಮಷೀನಿನ ಫೋಟೋ ವಾಟ್ಸಾಪ್ ಗ್ರೂಪಿಗೆ. ತೂಕ ಏರಿದರೆ ಎಲ್ಲರೆದುರು ಪ್ರಶ್ನೆ.

ಆ ಚಹಾದಲ್ಲಿದ್ದದ್ದು ಸೋನಾಮುಖಿ, ಭೇದಿ ಮಾಡಿಸುವ ಎಲೆ. ಉಂಡದ್ದರ ಸತ್ವವನ್ನು ಸಣ್ಣ ಕರುಳು ಆಗಲೇ ಹೀರಿಕೊಂಡಿರುತ್ತದೆ. ಸೋನಾಮುಖಿ ಕೆಲಸ ಮಾಡುವುದು ದೊಡ್ಡ ಕರುಳಿನಲ್ಲಿ. ಹೋಗುವುದು ನೀರು ಮತ್ತು ಪೊಟ್ಯಾಸಿಯಂ ಎಂಬ ಲವಣ, ಕೊಬ್ಬಲ್ಲ. ಅದಕ್ಕೇ ತೂಕ ಬೇಗ ಇಳಿಯುತ್ತದೆ, ನೀರು ಕುಡಿದರೆ ಮತ್ತೆ ಏರುತ್ತದೆ, ಹೆದರಿ ಚಹಾ ಇನ್ನೂ ಹೆಚ್ಚು ಕುಡಿಯುವಂತಾಗುತ್ತದೆ.

ಹಗಲೆಲ್ಲ ಹಸಿದವಳು ರಾತ್ರಿ ಕೂಸಿಗೆ ಹಾಲು ಕುಡಿಸಿ ಎದ್ದು, ಅಂಟಿನುಂಡಿ ಡಬ್ಬಿ ತೆಗೆದು ಕತ್ತಲಲ್ಲಿ ನಿಂತಲ್ಲೇ ಒಂದರ ಮೇಲೊಂದು ತಿನ್ನುತ್ತಿದ್ದಳು. ಆಮೇಲೆ ಬೆಳಗಿನ ಫೋಟೋ ನೆನಪಾಗಿ ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಳ್ಳುತ್ತಿದ್ದಳು. ಮನೆಯವರು ಪಿತ್ತ ಅಂದುಕೊಂಡರು. ಒಂದು ಬೆಳಿಗ್ಗೆ ಎದೆ ಡವಡವ ಹೊಡೆದುಕೊಂಡು, ಕಾಲಲ್ಲಿ ತ್ರಾಣವಿಲ್ಲದೆ ಬಿದ್ದಳು. ರಕ್ತ ಪರೀಕ್ಷೆಯಲ್ಲಿ ಪೊಟ್ಯಾಸಿಯಂ ತೀರಾ ಕಡಿಮೆ. ಅದು ಹಾಗೆ ಕುಸಿದರೆ ಹೃದಯದ ಬಡಿತವೇ ತಪ್ಪಿ ಜೀವಕ್ಕೆ ಅಪಾಯವಾಗುತ್ತದೆ.

ಹೀಗೆ ತಡೆಯಲಾಗದೆ ವಿಪರೀತ ತಿಂದು, ತೂಕಕ್ಕೆ ಹೆದರಿ ವಾಂತಿ ಮಾಡಿಕೊಳ್ಳುವ ಕಾಯಿಲೆಗೆ ಬುಲಿಮಿಯಾ ಎನ್ನುತ್ತಾರೆ. ಇದು ಶೋಕಿಯಲ್ಲ, ಸೊಕ್ಕೂ ಅಲ್ಲ, ಚಿಕಿತ್ಸೆಯಿಂದ ವಾಸಿಯಾಗುತ್ತದೆ. ಮದುವೆಗೆ ಮುಂಚೆ ಒಮ್ಮೆ ಬಂದು ಹೋಗಿದ್ದರೆ ಹೆರಿಗೆಯ ನಂತರ ಮರುಕಳಿಸಬಹುದು, ಹಾಗಾಗಿ ಮೊದಲ ತಪಾಸಣೆಯಲ್ಲೇ ಡಾಕ್ಟರಿಗೆ ಹೇಳಿಬಿಡಿ.

ಬಸುರಿಯಲ್ಲಿ ಇದು ಬಯಕೆ ವಾಂತಿಯ ಮರೆಯಲ್ಲಿ ಮುಚ್ಚಿಹೋಗುತ್ತದೆ. ಬಯಕೆ ವಾಂತಿ ಹೊತ್ತು ನೋಡದೆ ತಾನಾಗಿ ಬರುತ್ತದೆ. ಪ್ರತಿ ಊಟದ ಬೆನ್ನಿಗೇ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಳ್ಳುವುದು, ಬೆರಳಿನ ಗೆಣ್ಣಿನ ಮೇಲೆ ಹಲ್ಲಿನ ಗುರುತು, ಕಿವಿಯ ಕೆಳಗೆ ದವಡೆ ಊದುವುದು ಕಂಡರೆ ಬೈಯದೆ ಕೇಳಿ. ತಾಯಿ ಕಾರ್ಡಿನಲ್ಲಿ ತೂಕ ಬರೆಸಲೇಬೇಕು. ಅಂಕಿ ನೋಡಿದರೆ ಊಟ ಸೇರದವರು ಮಷೀನಿನ ಅಂಕಿಗೆ ಬೆನ್ನು ಹಾಕಿ ನಿಂತು "ಸಿಸ್ಟರ್, ನನಗ ಹೇಳಬ್ಯಾಡ್ರಿ, ಬರಕೊಳ್ರಿ" ಅನ್ನಬಹುದು.

ಗರ್ಭಕೋಶ ಮೊದಲಿನ ಗಾತ್ರಕ್ಕೆ ಬರಲು ಸುಮಾರು 6 ವಾರ ಬೇಕು, ಹೊಟ್ಟೆಯ ಚರ್ಮ, ಸ್ನಾಯು ಬಿಗಿಯಾಗಲು ತಿಂಗಳುಗಟ್ಟಲೆ. ಹಾಲೂಡಿಸುವ ತಾಯಿಗೆ ಮೊದಲ 6 ತಿಂಗಳು ದಿನಕ್ಕೆ 600 ಕಿಲೊಕ್ಯಾಲರಿ ಹೆಚ್ಚು ಬೇಕು ಎನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಪಟ್ಟಿ. ಆ ಪುಡಿ ಇದಕ್ಕೆ ನೇರ ಉಲ್ಟಾ. ನೀರು ಕುಡಿದರೆ ಹೊಟ್ಟೆ ಬರುತ್ತದೆ ಅನ್ನುವುದೂ ಸುಳ್ಳು.

ವಾಂತಿಯಾದ ಕೂಡಲೇ ಹಲ್ಲುಜ್ಜಬೇಡಿ, ಆಮ್ಲಕ್ಕೆ ಮೆತ್ತಗಾದ ಹಲ್ಲಿನ ಹೊರಪದರ ಸವೆಯುತ್ತದೆ. ನೀರಿನಲ್ಲಿ ಬಾಯಿ ಮುಕ್ಕಳಿಸಿದರೆ ಸಾಕು. ಹಸಿವೆ ಬಿಗಿಹಿಡಿದಷ್ಟೂ ರಾತ್ರಿ ತಿನ್ನುವುದು ಜೋರಾಗುತ್ತದೆ. ಮೂರು ತಾಸಿಗೊಮ್ಮೆ ರೊಟ್ಟಿ-ಪಲ್ಯವೋ, ಹಾಲೋ, ಬಾಳೆಹಣ್ಣೋ ಹೊಟ್ಟೆಗೆ ಬೀಳಲಿ. ಆದರೆ ಬಹಳ ದಿನ ಏನೂ ಉಣ್ಣದೆ ಸೊರಗಿದವಳಿಗೆ ಗಾಬರಿಯಾಗಿ ಒಮ್ಮೆಲೇ ಸಜ್ಜಕ, ಉಂಡಿ ತುರುಕಬೇಡಿ. ರಕ್ತದಲ್ಲಿನ ಫಾಸ್ಫೇಟ್, ಪೊಟ್ಯಾಸಿಯಂ ಲವಣಗಳು ಏಕಾಏಕಿ ಕುಸಿದು ಜೀವಕ್ಕೆ ಅಪಾಯವಾಗಬಹುದು. ಇಂಥವಳಿಗೆ ಮತ್ತೆ ಊಟ ಹಿಡಿಸುವುದು ಆಸ್ಪತ್ರೆಯಲ್ಲೇ, ರಕ್ತ ಪರೀಕ್ಷೆ ಮಾಡಿಸುತ್ತ ನಡೆಯಬೇಕಾದ ಕೆಲಸ.

ತಲೆಸುತ್ತಿ ಬೀಳುವುದು, ಎದೆಬಡಿತ ಏರುಪೇರು, ವಾಂತಿಯಲ್ಲಿ ರಕ್ತ, ಸಾಯುವ ಅಥವಾ ಕೂಸಿಗೆ ಏನಾದರೂ ಮಾಡುವ ಯೋಚನೆ: ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಿ. ಮನಸ್ಸಿನ ಚಿಕಿತ್ಸೆಗೆ ಧಾರವಾಡದಲ್ಲಿ ಡಿಮ್ಹಾನ್ಸ್ ಆಸ್ಪತ್ರೆ ಇದೆ. ಮನೆಯಿಂದ ಹೊರಡಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ. ಹೋಗುವಾಗ ಪುಡಿ, ಚಹಾದ ಡಬ್ಬಿ ಎಸೆಯಬೇಡಿ, ಲೇಬಲ್ ಸಮೇತ ಒಯ್ದು ಡಾಕ್ಟರಿಗೆ ತೋರಿಸಿ.