ಹೀಟರ್ ಕೋರ್ ಹೆಸರಲ್ಲಿ 14,600 ರೂಪಾಯಿ ಹೋಯಿತು. ಹಳೇ ಲಾರಿ ಇರುವವರು ದಯವಿಟ್ಟು ಓದಿ

ಹುಬ್ಬಳ್ಳಿ, ಗದಗ, ಹಾವೇರಿ ಕಡೆಯಿಂದ ಉತ್ತರಕ್ಕೆ ಲೋಡ್ ಹೊಡೆಯುವ ಅಣ್ಣತಮ್ಮಂದಿರಿಗೆ ಇದನ್ನು ಬರೆಯುತ್ತಿದ್ದೇನೆ. ಬರೆಯಲು ನಾಚಿಕೆ ಆಗುತ್ತಿದೆ. ಹದಿನೆಂಟು ವರ್ಷದಿಂದ ಸ್ಟೇರಿಂಗ್ ಹಿಡಿದವನು ನಾನು. ಆದರೂ ನನ್ನ ಕಣ್ಣೆದುರಿಗೇ ಮೋಸ ಆಯಿತು. ಗ್ಯಾರೇಜ್ ಹೆಸರು ಹಾಕುವುದಿಲ್ಲ. ಹೇಗೆ ಮೋಸ ಮಾಡಿದರು ಅನ್ನುವುದನ್ನು ಮಾತ್ರ ಪೂರ್ತಿ ಹೇಳುತ್ತೇನೆ.

ನನ್ನದು 2010ರ ಗಾಡಿ. ಇರುವುದೊಂದೇ ಗಾಡಿ, ನಾನೇ ಓನರ್, ನಾನೇ ಡ್ರೈವರ್. ಮೊದಲು ರಾಜಸ್ಥಾನದ ಕಡೆ ಓಡಿದ್ದ ಗಾಡಿ, ಅದಕ್ಕೇ ಕ್ಯಾಬಿನ್‌ನಲ್ಲಿ ಹೀಟರ್ ಇದೆ. ನಮ್ಮ ಕಡೆ ಅದರ ಸ್ವಿಚ್ ಮುಟ್ಟುವ ಕೆಲಸವೇ ಬರುವುದಿಲ್ಲ. ಆದರೆ ಜನವರಿಯಲ್ಲಿ ಬ್ಯಾಡಗಿ ಮೆಣಸಿನಕಾಯಿ ಹಾಕಿಕೊಂಡು ಜೈಪುರಕ್ಕೆ ಹೋದವರಿಗೆ ಗೊತ್ತು. ಇಂದೋರ್ ದಾಟಿದ ಮೇಲೆ ರಾತ್ರಿ ಕೈ ಮರಗಟ್ಟುತ್ತದೆ. ಕೈಗಿಂತ ಜಾಸ್ತಿ ತೊಂದರೆ ಗಾಜಿನದು. ಒಳಗಿನಿಂದ ಹಬೆ ಕೂತು, ಹೊರಗೆ ಮಂಜು ಕವಿದು, ಮುಂದಿನ ಗಾಡಿಯ ಲೈಟೇ ಕಾಣುವುದಿಲ್ಲ.

ಡಿಸೆಂಬರ್ ಟ್ರಿಪ್‌ನಲ್ಲಿ ಹೀಟರ್ ಗಾಳಿ ಉಗುರು ಬೆಚ್ಚಗೆ ಅಷ್ಟೇ ಬಂತು. ವಾಪಸ್ ಬಂದವನು, ಆರು ವರ್ಷದಿಂದ ಹೋಗುವ ಗ್ಯಾರೇಜ್‌ಗೇ ಗಾಡಿ ಒಯ್ದೆ. ಬೇರೆ ಕಡೆ ಕೇಳಲೂ ಇಲ್ಲ. ಗ್ಯಾರೇಜ್‌ನವನು ಗಾಳಿ ಬರುವಲ್ಲಿ ಒಂದು ನಿಮಿಷ ಕೈ ಹಿಡಿದ. ಎಂಜಿನ್ ಕವರ್ ಎತ್ತಲಿಲ್ಲ. ಪೈಪ್ ಮುಟ್ಟಲಿಲ್ಲ.

"ಹೀಟರ್ ಕೋರ್ ಹೋಗೇತ್ರಿ ಅಣ್ಣಾರ. ಒಳಗ ಪೂರಾ ಕಟ್ಕೊಂಡೇತಿ. ಬ್ಯಾರೇದ ಹಾಕಬೇಕ್ರಿ."

ಕೋರ್ ಅಂದರೆ ಸಣ್ಣ ರೇಡಿಯೇಟರ್ ಇದ್ದ ಹಾಗೆ. ಎಂಜಿನ್‌ನ ಬಿಸಿ ನೀರು ಅದರೊಳಗೆ ಹರಿಯುತ್ತದೆ, ಬ್ಲೋವರ್ ಅದರ ಮೇಲಿಂದ ಗಾಳಿ ತಳ್ಳುತ್ತದೆ. ಅದು ಡ್ಯಾಶ್‌ಬೋರ್ಡ್ ಹಿಂದೆ ಕೂತಿರುತ್ತದೆ, ತೆಗೆಯಬೇಕಾದರೆ ಎಲ್ಲ ಬಿಚ್ಚಬೇಕು. ಹಾಗಾಗಿ ಕೂಲಿ ಜಾಸ್ತಿ ಅಂದಾಗ ನಾನು ಚೌಕಾಸಿ ಮಾಡಲಿಲ್ಲ. ಮೂರು ದಿನ ಗಾಡಿ ಅಲ್ಲೇ ನಿಂತಿತು. ಒಂದು ಲೋಡ್ ಕೈ ತಪ್ಪಿತು. ಕೋರ್‌ಗೆ 8,500, ಎಂಜಿನ್ ನೀರಿಗೆ ಬೆರೆಸುವ ಕೂಲಂಟ್‌ಗೆ 1,800, ಕೂಲಿ 4,300. ಒಟ್ಟು 14,600.

ಗಾಡಿ ಬಿಡಿಸಿಕೊಳ್ಳಲು ಹೋದಾಗ ಎಂಜಿನ್ ಆಗಲೇ ಚಾಲೂ ಇತ್ತು. ಕ್ಯಾಬಿನ್ ಹತ್ತಿದರೆ ಬಿಸಿ ಬಿಸಿ ಗಾಳಿ. ಖುಷಿಯಾಯಿತು. ಇಳಿದು ಮುಂದೆ ಬಂದರೆ ರೇಡಿಯೇಟರ್ ಮುಂದೆ ಒಂದು ದೊಡ್ಡ ರಟ್ಟು ಸಿಕ್ಕಿಸಿದ್ದರು. ಇದೇನು ಅಂತ ಕೇಳಿದೆ.

"ಏನಿಲ್ರಿ, ಧೂಳ ಬಡೀಬಾರ್ದಂತ ಹುಡುಗೂರು ಇಟ್ಟಾರ."

ಹುಡುಗ ಓಡಿ ಬಂದು ಅದನ್ನು ಎಳೆದು ಮೂಲೆಗೆ ಎಸೆದ. ನಾನು ದುಡ್ಡು ಕೊಟ್ಟು ಬಂದೆ. ಆ ರಟ್ಟು ನೆನಪಿಟ್ಟುಕೊಳ್ಳಿ.

ಜನವರಿಯಲ್ಲಿ ಲೋಡ್ ಹಾಕಿಕೊಂಡು ಹೊರಟೆವು. ನನ್ನ ಜೊತೆ ಕ್ಲೀನರ್ ಆಗಿ ಅಕ್ಕನ ಮಗ ಬಂದಿದ್ದ, ಅವನದು ಮೊದಲ ಉತ್ತರದ ಟ್ರಿಪ್. ಧುಳೆ ದಾಟಿ ಸೇಂಧ್ವಾ ಘಾಟ್ ಹತ್ತುವಾಗ ಹೀಟರ್ ಬಿಸಿ ಬಂತು. ಘಾಟ್ ಮುಗಿದು ಬಯಲಿಗೆ ಬಿದ್ದ ಕೂಡಲೇ ತಣ್ಣಗಾಯಿತು. ಮೀಟರ್ ನೋಡಿದರೆ ಟೆಂಪರೇಚರ್ ಮುಳ್ಳು ಕೆಳಗೆ ಕೂತಿದೆ. ನಿಲ್ಲಿಸಿ ರೇಸ್ ಕೊಟ್ಟರೆ ಸ್ವಲ್ಪ ಏಳುತ್ತದೆ, ಓಡಿಸಿದರೆ ಮತ್ತೆ ಬೀಳುತ್ತದೆ. ಬಿಯಾವ್ರಾ ಹತ್ತಿರ ರಾತ್ರಿ ಹುಡುಗ ಎರಡು ಕಂಬಳಿ ಹೊದ್ದು ನಡುಗುತ್ತಿದ್ದ. ನಾನು ಒಂದು ಕೈಯಲ್ಲಿ ಸ್ಟೇರಿಂಗ್, ಇನ್ನೊಂದರಲ್ಲಿ ಬಟ್ಟೆ ಹಿಡಿದು ಗಾಜು ಒರೆಸುತ್ತಾ ಓಡಿಸಿದೆ. ಆ ರಾತ್ರಿ ಏನಾದರೂ ಆಗಿದ್ದರೆ ಅಕ್ಕನಿಗೆ ಏನಂತ ಹೇಳುತ್ತಿದ್ದೆ?

ಫೋನ್ ಮಾಡಿದೆ.

"ಅಲ್ಲೆ ಥಂಡಿ ಭಾಳ ಐತ್ರಿ ಅಣ್ಣಾರ. ಅಷ್ಟ ಥಂಡ್ಯಾಗ ಹೀಟರ್ ಇಷ್ಟ ಬರೂದು. ಓಡಸ್ರಿ, ಸೆಟ್ ಆಗ್ತೈತಿ."

ಸೆಟ್ ಆಗುತ್ತದೆ ಅಂತೆ! ಹೊಸ ಚಪ್ಪಲಿಯೇ ಅದು, ಸೆಟ್ ಆಗಲು?

ಕೋಟಾ ಹತ್ತಿರ ಬೆಳಿಗ್ಗೆ ಒಂದು ಧಾಬಾ ಪಕ್ಕ ವಯಸ್ಸಾದ ಮಿಸ್ತ್ರಿಯೊಬ್ಬರು ಸಿಕ್ಕರು. ಎಂಜಿನ್ ಬಂದ್ ಮಾಡಿಸಿ, ಹೀಟರ್‌ಗೆ ಹೋಗುವ ಎರಡು ಪೈಪ್ ಹಿಡಿದು ನೋಡಿದರು. ಅಷ್ಟೇ. ಎರಡು ನಿಮಿಷದ ಕೆಲಸ. ಹೋಗುವ ಪೈಪ್ ಸುಡುತ್ತಿದ್ದು ಬರುವ ಪೈಪ್ ತಣ್ಣಗಿದ್ದರೆ ಕೋರ್ ಕಟ್ಟಿದೆ, ಇಲ್ಲವೇ ಹೀಟರ್‌ಗೆ ನೀರು ಬಿಡುವ ನಲ್ಲಿ ಬಂದ್ ಆಗಿದೆ. ಎರಡೂ ಚೆನ್ನಾಗಿ ಬಿಸಿ ಇದ್ದು ಗಾಳಿ ತಣ್ಣಗಿದ್ದರೆ ತಪ್ಪು ಬ್ಲೋವರ್ ಅಥವಾ ಒಳಗಿನ ಫ್ಲಾಪ್ ಕಡೆ. ಎರಡೂ ಉಗುರು ಬೆಚ್ಚಗಿದ್ದರೆ ಎಂಜಿನ್ ನೀರೇ ಕಾಯುತ್ತಿಲ್ಲ. ನನ್ನ ಗಾಡಿಯದು ಇದೇ. ನೀರು ಕಡಿಮೆ ಇದೆಯಾ, ಗಾಳಿ ಸಿಕ್ಕಿಕೊಂಡಿದೆಯಾ ಅಂತ ಅದನ್ನೂ ನೋಡಿದರು. ಇರಲಿಲ್ಲ. ಕೊನೆಗೆ ಕೇಳಿದರು, ಥರ್ಮೋಸ್ಟಾಟ್ ವಾಲ್ವ್ ಇದೆಯಾ?

ಬೋಲ್ಟ್ ಬಿಚ್ಚಿ ಮುಚ್ಚಳ ತೆಗೆದರು. ಒಳಗೆ ಖಾಲಿ. ವಾಲ್ವೇ ಇಲ್ಲ. ಸುರಿದದ್ದು ತುಕ್ಕಿನ ಬಣ್ಣದ ಬರೀ ನೀರು. ಕೂಲಂಟ್ ಹಸಿರಿನ ಸುಳಿವೂ ಇಲ್ಲ.

ಆ ವಾಲ್ವ್ ಕೆಲಸ ಗೊತ್ತಲ್ವಾ? ನೀರು ಸುಮಾರು 80 ಡಿಗ್ರಿ ಕಾಯುವ ತನಕ ರೇಡಿಯೇಟರ್ ದಾರಿಯನ್ನು ಅದು ಬಂದ್ ಇಡುತ್ತದೆ. ಅದನ್ನು ತೆಗೆದರೆ ನೀರು ಸದಾ ರೇಡಿಯೇಟರ್ ಸುತ್ತುತ್ತಲೇ ಇರುತ್ತದೆ. ಥಂಡಿಯಲ್ಲಿ ಓಡುವ ಗಾಡಿಗೆ ಎದುರು ಗಾಳಿಯೂ ಸೇರಿ ಎಂಜಿನ್ ಕಾಯುವುದೇ ಇಲ್ಲ. ಹೀಟರ್ ಎಲ್ಲಿಂದ ಕಾಯಬೇಕು? ಡೀಸೆಲ್ ಜಾಸ್ತಿ ಕುಡಿಯುತ್ತಿದ್ದುದಕ್ಕೂ ಇದೇ ಕಾರಣ ಅಂತ ಅಲ್ಲೇ ಗೊತ್ತಾಯಿತು.

ಆಗ ರಟ್ಟು ನೆನಪಾಯಿತು. ರೇಡಿಯೇಟರ್‌ಗೆ ಗಾಳಿ ಬಡಿಯದ ಹಾಗೆ ರಟ್ಟು ಇಟ್ಟು, ನಿಂತಲ್ಲೇ ಎಂಜಿನ್ ಕಾಯಿಸಿ, ನನ್ನನ್ನು ಹತ್ತಿಸಿ ಬಿಸಿ ಗಾಳಿ ತೋರಿಸಿದ್ದಾರೆ. ಧೂಳಿಗೆ ಅಂತೆ. ನಾನೇ ಕೇಳಿದ್ದೆ, ನಾನೇ ನಂಬಿದೆ. ಆ ಮಿಸ್ತ್ರಿ ಎದುರು ತಲೆ ಎತ್ತಲು ಆಗಲಿಲ್ಲ.

ಅದೂ ಸಾಲದು. ಅವರು ಟಾರ್ಚ್ ಹಿಡಿದು ಡ್ಯಾಶ್‌ಬೋರ್ಡ್ ಕೆಳಗೆ ನನ್ನನ್ನು ಬಗ್ಗಿಸಿದರು. ಕೋರ್‌ನ ಪೈಪ್ ಕ್ಲಾಂಪ್ ತುಕ್ಕು ಹಿಡಿದು ಪೈಪ್‌ಗೆ ಅಂಟಿಕೊಂಡಿದೆ. ಸ್ಕ್ರೂ ತಲೆಯ ಮೇಲೆ ವರ್ಷಗಳ ಧೂಳು ಹಾಗೇ ಇದೆ. ಅದನ್ನು ಯಾರೂ ಬಿಚ್ಚೇ ಇಲ್ಲ. ಹಳೇ ಕೋರ್ ಇದ್ದಲ್ಲೇ ಇದೆ! ಫೋಟೊ ತೆಗೆದುಕೊಂಡೆ.

ವಾಲ್ವ್, ಪ್ಯಾಕಿಂಗ್, ಕೂಲಿ ಸೇರಿ ಅವರು ತೆಗೆದುಕೊಂಡದ್ದು 1,150. ಅರ್ಧ ಗಂಟೆ ಓಡಿಸಿದ ಮೇಲೆ ಮುಳ್ಳು ನಡುವೆ ನಿಂತಿತು. ಹುಡುಗ ಕಂಬಳಿ ತೆಗೆದ. ಹಳೇ ಕೋರ್‌ನಿಂದಲೇ, ನೆನಪಿರಲಿ.

ಅಲ್ಲಿಂದಲೇ ಮತ್ತೆ ಫೋನ್ ಮಾಡಿದೆ. ವಾಲ್ವ್ ಎಲ್ಲಿ ಅಂತ ಕೇಳಿದೆ.

"ಹೌದ್ರಿ, ಬ್ಯಾಸಗ್ಯಾಗ ನಾವ ತಗದಿದ್ವಿ. ಅರಬೈಲ್ ಘಾಟ್‌ನ್ಯಾಗ ಗಾಡಿ ಕಾಯಾಕತ್ತೈತಿ ಅಂತ ನೀವ ತಂದಿದ್ರಲ್ರಿ. ನಮ್ಮ ಕಡೆ ಎಲ್ಲಾ ಗಾಡೀದೂ ತಗೀತಾರ."

ಅವನಿಗೆ ಗೊತ್ತಿತ್ತು! ತಾನೇ ತೆಗೆದದ್ದು, ನನಗೆ ಹೇಳದೆ ತೆಗೆದದ್ದು, ಅದರಿಂದಲೇ ಹೀಟರ್ ಕಾಯುತ್ತಿಲ್ಲ ಅಂತ ಗೊತ್ತಿದ್ದೂ ಕೋರ್ ಹೋಗಿದೆ ಅಂದ. ಇದೇ ನನಗೆ ಅರಗುತ್ತಿಲ್ಲ. ಗೊತ್ತಿಲ್ಲದೆ ತಪ್ಪು ಮಾಡಿದ್ದರೆ ಬಿಟ್ಟುಬಿಡುತ್ತಿದ್ದೆ. ಬೇಸಿಗೆಯಲ್ಲಿ ಗಾಡಿ ಕಾಯಲು ನಿಜವಾದ ಕಾರಣ ಕಟ್ಟಿದ್ದ ರೇಡಿಯೇಟರ್. ಅದನ್ನು ಈಗ ಬೇರೆ ಕಡೆ ರಾಡಿಂಗ್ ಮಾಡಿಸಿದೆ, ಅಂದರೆ ಒಳಗಿನ ನಳಿಗೆಗಳಿಗೆ ಕಂಬಿ ಹಾಕಿ ಕಟ್ಟಿದ್ದನ್ನು ತೆಗೆಸಿದೆ.

ಊರಿಗೆ ಬಂದು ನೇರ ಅವನ ಹತ್ತಿರ ಹೋದೆ. ಹಳೇ ಕೋರ್ ತೋರಿಸು ಅಂದೆ. "ಹುಡುಗೂರು ಗುಜರಿಗೆ ಹಾಕ್ಯಾರ್ರಿ." ಕ್ಲಾಂಪ್ ಫೋಟೊ ತೋರಿಸಿದೆ. "ಕ್ಲಾಂಪ್ ಹಳೇದ ಹಾಕೀವ್ರಿ, ಚಲೋ ಇದ್ವು." ಧೂಳು? ಅದಕ್ಕೆ ಉತ್ತರ ಇಲ್ಲ. ಸ್ವಲ್ಪ ಹೊತ್ತಾದ ಮೇಲೆ ಎರಡು ಸಾವಿರ ಮುಂದೆ ಹಿಡಿದು, "ಹೋಗ್ಲಿ ಬಿಡ್ರಿ ಅಣ್ಣಾರ, ನಮ್ಮ ನಿಮ್ಮ ನಡುವ ಇದೇನ ದೊಡ್ಡದು" ಅಂದ. ಅಣ್ಣಾರ ಅಂತೆ! ಮುಟ್ಟಲಿಲ್ಲ, ಎದ್ದು ಬಂದೆ.

ನೀವು ಇಷ್ಟು ಮಾಡಿ. ಗ್ಯಾರೇಜ್‌ಗೆ ಹೋಗುವ ಮೊದಲು ಆ ಎರಡು ಪೈಪ್ ನೀವೇ ಮುಟ್ಟಿ ನೋಡಿ, ಫ್ಯಾನ್‌ನಿಂದ ಕೈ ದೂರ ಇರಲಿ. ಬಿಸಿ ಇದ್ದಾಗ ರೇಡಿಯೇಟರ್ ಮುಚ್ಚಳ ಮಾತ್ರ ತೆಗೆಯಬೇಡಿ. ನಿಂತ ಗಾಡಿಯಲ್ಲಿ ಹೀಟರ್ ನೋಡಿ ದುಡ್ಡು ಕೊಡಬೇಡಿ, ಬೈಪಾಸ್‌ನಲ್ಲಿ ಅರ್ಧ ಗಂಟೆ ಓಡಿಸಿ ನೋಡಿ. ಬಿಚ್ಚಿದ ಹಳೇ ಪಾರ್ಟ್ ಕೇಳಿ ತೆಗೆದುಕೊಂಡು ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ಪಕ್ಕಾ ಬಿಲ್ ಕೇಳಿ. ನಾನು ಕೇಳಲಿಲ್ಲ, ನನ್ನ ಹತ್ತಿರ ಇರುವುದು ಬರೀ ಕೈಬರಹದ ಚೀಟಿ.

ಲಾರಿ ಅಂದರೆ ವ್ಯಾಪಾರ, ನಿನ್ನ ದೂರು ಗ್ರಾಹಕರ ಆಯೋಗದಲ್ಲಿ ನಿಲ್ಲುವುದಿಲ್ಲ ಅಂತ ಕೆಲವರು ಹೆದರಿಸಿದರು. ಹಾಗಲ್ಲ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯುವವನಿಗೆ ಕಾಯ್ದೆಯಲ್ಲಿ ಜಾಗ ಇದೆ. ಎರಡು ವರ್ಷದೊಳಗೆ ದೂರು ಕೊಡಬೇಕು. 5 ಲಕ್ಷದವರೆಗಿನ ವಿಷಯಕ್ಕೆ ಶುಲ್ಕವೂ ಇಲ್ಲ. ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ. ಚೀಟಿ, ಫೋನ್‌ನಲ್ಲಿ ದುಡ್ಡು ಕಳಿಸಿದ ದಾಖಲೆ, ಕೋಟಾದಲ್ಲಿ ತೆಗೆದ ಫೋಟೊ ಎಲ್ಲ ಒಂದು ಫೈಲ್‌ಗೆ ಹಾಕಿದ್ದೇನೆ. ಸೋಮವಾರ ದೂರು ಕೊಡಲು ಧಾರವಾಡಕ್ಕೆ ಹೋಗುತ್ತಿದ್ದೇನೆ.