ಎರಡು ಡ್ಯಾರೋಬಿ, ಒಂದೇ ಡ್ರೈವ್

ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ಹಳೆಯದಕ್ಕೆ. 1978ರಲ್ಲಿ ಬಿಬಿಸಿ ತೆಗೆದ ‘ಆಲ್ ಕ್ರಿಯೇಚರ್ಸ್ ಗ್ರೇಟ್ ಅಂಡ್ ಸ್ಮಾಲ್’ ಧಾರಾವಾಹಿಗೆ. ಅದನ್ನೇ 2020ರಲ್ಲಿ ಚಾನೆಲ್ 5 ಹೊಸ ನಟರೊಂದಿಗೆ ಮತ್ತೆ ತೆಗೆಯಿತು. ನನ್ನ ಹೆಂಡತಿಯ ಮತ ಅದಕ್ಕೆ. ಮೂವತ್ತೊಂದು ವರ್ಷ ಪಶುವೈದ್ಯನಾಗಿ ದನಗಳ ಹಿಂದೆ ನಿಂತವನು ನಾನು. ಅಷ್ಟೂ ವರ್ಷ ನನ್ನ ಅಂಗಿಗಳನ್ನು ಬೇರೆ ಬಕೆಟ್ಟಿನಲ್ಲಿ ನೆನೆಸಿಟ್ಟವಳು ಅವಳು. ರುಚಿ ಬೇರೆಯಾದದ್ದರಲ್ಲಿ ಆಶ್ಚರ್ಯವಿಲ್ಲ.

ಎರಡಕ್ಕೂ ಮೂಲ ಒಂದೇ. ಯಾರ್ಕ್‌ಶೈರಿನ ಥರ್ಸ್ಕ್ ಪೇಟೆಯ ಪಶುವೈದ್ಯ ಆಲ್ಫ್ ವೈಟ್ ಅವರು ಜೇಮ್ಸ್ ಹೆರಿಯಟ್ ಎಂಬ ಹೆಸರಿಟ್ಟುಕೊಂಡು ಬರೆದ ಅನುಭವಗಳು. ಥರ್ಸ್ಕ್ ಕಥೆಯೊಳಗೆ ಡ್ಯಾರೋಬಿಯಾಯಿತು. ಇಷ್ಟು ಗೊತ್ತಿದ್ದರೆ ಸಾಕು, ಉಳಿದದ್ದು ಡಿವಿಡಿ ಡಬ್ಬದ ಮೇಲೆಯೇ ಅಚ್ಚಾಗಿರುತ್ತದೆ.

ಹೊಸದನ್ನು ನಾವು ನೋಡಿದ್ದು ಒಂದು ಚಳಿಗಾಲ ನ್ಯೂಜೆರ್ಸಿಯ ಮಗಳ ಮನೆಯಲ್ಲಿ. ಅಲ್ಲಿನ ಸಾರ್ವಜನಿಕ ಟಿ.ವಿ. ಪಿಬಿಎಸ್ ಅದನ್ನು ಭಾನುವಾರ ರಾತ್ರಿ ಹಾಕುತ್ತದೆ. ತಿಂಗಳಿಗೆ 5 ಡಾಲರ್ ದೇಣಿಗೆ ಕೊಟ್ಟು ಸದಸ್ಯರಾದರೆ ಹಿಂದಿನ ಸರಣಿಗಳನ್ನೂ ನೋಡಬಹುದು. ಹೊರಗೆ ಹಿಮ, ಒಳಗೆ ಹೀಟರಿನ ಗುಂಯ್ ಸದ್ದು, ಕೈಯಲ್ಲಿ ಕಾಫಿ. ಮೂರು ತಿಂಗಳಲ್ಲಿ ಐದು ಸರಣಿ ಮುಗಿಸಿದೆವು. ಊರಿಗೆ ಮರಳಿದ ಮೇಲೆ ಇವಳು ಮೊಬೈಲಿನಲ್ಲಿ ಅದನ್ನೇ ತೆರೆಯಲು ಹೋದರೆ ಅಮೆರಿಕದ ಹೊರಗೆ ಸಿಗುವುದಿಲ್ಲ ಎಂಬ ಉತ್ತರ ಬಂತು. ಅಮ್ಮನ ಸಪ್ಪೆ ಮುಖ ನೋಡಲಾರದೆ ಮಗಳು ಮೂರು ಮತ್ತು ನಾಲ್ಕನೆಯ ಸರಣಿಯ ಡಿವಿಡಿಗಳನ್ನು ಯಾರದೋ ಪೆಟ್ಟಿಗೆಯಲ್ಲಿ ಕಳಿಸಿಕೊಟ್ಟಳು. ಅದೇ ತಿಂಗಳು ಲೀಡ್ಸಿನಲ್ಲಿ ಓದುತ್ತಿರುವ ನನ್ನ ತಮ್ಮನ ಮಗ ರಜೆಗೆ ಬಂದ. ಹಳೆಯ ಧಾರಾವಾಹಿಯ ಮೊದಲ ಮೂರು ಸರಣಿಗಳನ್ನು ಅವನು ಹಳೆ ಸಾಮಾನಿನ ಅಂಗಡಿಯೊಂದರಲ್ಲಿ 18 ಪೌಂಡಿಗೆ ಹಿಡಿದಿದ್ದ. ದೊಡ್ಡಪ್ಪನಿಗೆ ಇದಕ್ಕಿಂತ ಒಳ್ಳೆಯ ಉಡುಗೊರೆಯಿಲ್ಲ ಎಂದುಕೊಂಡನಂತೆ. ಸರಿಯಾಗಿಯೇ ಅಂದುಕೊಂಡಿದ್ದಾನೆ.

ಇಲ್ಲಿಂದ ತೊಂದರೆ ಶುರು.

ಡಿವಿಡಿ ಮಾಡಿದವರು ಪ್ರಪಂಚವನ್ನು ವಲಯಗಳಾಗಿ ಹಂಚಿಟ್ಟಿದ್ದಾರೆ. ಅಮೆರಿಕ ವಲಯ 1, ಬ್ರಿಟನ್ ವಲಯ 2, ನಾವು ವಲಯ 5. ಒಂದು ವಲಯದ ಡಿಸ್ಕ್ ಇನ್ನೊಂದು ವಲಯದ ಪ್ಲೇಯರಿನಲ್ಲಿ ಓಡುವುದಿಲ್ಲ. ನಮ್ಮ ಮನೆಯ ಪ್ಲೇಯರಿಗೆ ಹಳೆಯದನ್ನು ಹಾಕಿದೆ. ಒಂದು ಸಲ ಗಿರ್ರನೆ ತಿರುಗಿ, ವಲಯ ಸರಿಯಿಲ್ಲ ಎಂದು ತೋರಿಸಿ, ತಟ್ಟೆಯನ್ನು ಹೊರಗೆ ಚಾಚಿತು. ಹೊಸದನ್ನು ಹಾಕಿದೆ, ಅದಕ್ಕೂ ಅದೇ ಮರ್ಯಾದೆ. ರಿಮೋಟಿನಲ್ಲಿ ಯಾವುದೋ ಅಂಕಿಗಳನ್ನು ಒತ್ತಿದರೆ ಬೀಗ ಬಿಡುತ್ತದೆ ಎಂದು ಅಂತರ್ಜಾಲದಲ್ಲಿ ಓದಿ ಒಂದು ಸಂಜೆಯೆಲ್ಲ ಒತ್ತಿದೆ. ಪ್ಲೇಯರಿನ ಭಾಷೆ ಇನ್ನಾವುದಕ್ಕೋ ಬದಲಾಯಿತೇ ಹೊರತು ವಲಯ ಬದಲಾಗಲಿಲ್ಲ. ನಮ್ಮೂರಿನ ರಿಪೇರಿಯವನು ಅದನ್ನು ತಿರುಗಿಸಿ ನೋಡಿ, “ಇನ್ನೂ ಇದನ್ನು ಇಟ್ಟುಕೊಂಡಿದ್ದೀರಾ ಸಾರ್?” ಎಂದು ಕೇಳಿದ. ಅನುಕಂಪದಿಂದಲೇ ಕೇಳಿದ.

ಕೊನೆಗೆ ಲ್ಯಾಪ್‌ಟಾಪಿಗೆ ಸಿಕ್ಕಿಸುವ ಹೊರಗಿನ ಡ್ರೈವ್ ಒಂದನ್ನು ತಂದೆ. ಅದರಲ್ಲಿ ವಲಯವನ್ನು ನಾವೇ ಬದಲಿಸಬಹುದು. ಹಳೆಯದನ್ನು ಹಾಕಿ 2 ಎಂದು ಒಪ್ಪಿಕೊಂಡೆ, ಓಡಿತು. ಮರುದಿನ ಇವಳು ತನ್ನದನ್ನು ಹಾಕಿ 1 ಎಂದು ಒಪ್ಪಿಕೊಂಡಳು, ಅದೂ ಓಡಿತು. ರಾತ್ರಿ ಊಟವಾದ ಮೇಲೆ ಮತ್ತೆ ನಾನು 2 ಮಾಡಿದೆ. ಅವಳು ಮತ್ತೆ 1 ಮಾಡಿದಳು. ಪ್ರತಿ ಸಲವೂ ಪರದೆಯ ಮೇಲೆ ಪುಟ್ಟ ಎಚ್ಚರಿಕೆಯೊಂದು ಬರುತ್ತಿತ್ತು. ಕನ್ನಡಕ ಹಾಕಿಕೊಂಡು ಅದನ್ನು ಓದುವ ತಾಳ್ಮೆ ಇಬ್ಬರಿಗೂ ಇರಲಿಲ್ಲ. ಐದನೆಯ ಸಲ 2 ಎಂದು ಒತ್ತಿದ್ದು ನಾನು. ಇಂಥ ಡ್ರೈವ್‌ಗಳಲ್ಲಿ ವಲಯ ಬದಲಿಸಲು ಇರುವುದೇ ಐದು ಅವಕಾಶ. ಐದು ಮುಗಿದರೆ ಕೊನೆಯದೇ ಕಾಯಂ. ಕಂಪ್ಯೂಟರನ್ನೇ ಬದಲಿಸಿದರೂ ಹೋಗುವುದಿಲ್ಲ, ಏಕೆಂದರೆ ಲೆಕ್ಕ ಕೂತಿರುವುದು ಡ್ರೈವಿನ ಒಳಗೆ. ವಲಯವನ್ನು ಲೆಕ್ಕಿಸದೆ ಓಡಿಸುವ ಉಚಿತ ತಂತ್ರಾಂಶ ಇದೆಯಲ್ಲ ಎನ್ನುವವರಿಗೆ: ಇದೆ, ಕೆಲವು ಡ್ರೈವ್‌ಗಳಲ್ಲಿ ನಡೆಯುತ್ತದೆ. ನನ್ನದರಲ್ಲಿ ನಡೆಯಲಿಲ್ಲ.

ಬೇಕೆಂದೇ ಮಾಡಿದ್ದು ಎಂದು ಇವಳು ಇವತ್ತಿಗೂ ನಂಬಿದ್ದಾಳೆ.

ಇನ್ನು ಹಸುಗಳ ವಿಷಯ. ಹಳೆಯದರಲ್ಲಿ ಜೇಮ್ಸ್ ಆಗಿರುವ ಕ್ರಿಸ್ಟಫರ್ ಟಿಮೊಥಿ ನಿಜವಾದ ಹಸುವಿಗೆ ನಿಜವಾಗಿಯೇ ಕೈ ಹಾಕಿದ್ದಾರೆ. ಅಂಗಿ ಬಿಚ್ಚಿ, ಬಕೆಟ್ಟಿನ ಬಿಸಿನೀರಿನಲ್ಲಿ ತೋಳಿಗೆಲ್ಲ ಸೋಪು ಹಚ್ಚಿ, ಕೊಟ್ಟಿಗೆಯ ಕಲ್ಲುಹಾಸಿನ ಮೇಲೆ ಬೋರಲು ಮಲಗಿ. ಗ್ಲೌಸ್ ಇಲ್ಲದ ಕಾಲದ ಕೆಲಸ ಹಾಗೆಯೇ ಇತ್ತು. ಕರು ಅಡ್ಡಲಾಗಿ ಕೂತಾಗ ತಾಯಿ ಒಂದು ಸಲ ತಿಣುಕಿದರೆ ನಮ್ಮ ಮುಂಗೈ ಅದರ ಸೊಂಟದ ಮೂಳೆಗೆ ಸಿಕ್ಕಿ ಮರಗಟ್ಟಿಹೋಗುತ್ತದೆ. ಬೆರಳ ತುದಿಗೆ ತಗಲುತ್ತಿರುವುದು ಮುಂಗಾಲೋ ಹಿಂಗಾಲೋ ತಿಳಿಯುವುದಿಲ್ಲ. ಆಗ ವೈದ್ಯನ ಮುಖದಲ್ಲಿ ನೋವೂ ಇರುವುದಿಲ್ಲ, ವೀರಾವೇಶವೂ ಇರುವುದಿಲ್ಲ. ಯಾರೋ ದೂರದಿಂದ ಕರೆಯುತ್ತಿದ್ದಾರೆ, ಸರಿಯಾಗಿ ಕೇಳಿಸುತ್ತಿಲ್ಲ ಎಂಬಂಥ ಒಂದು ಖಾಲಿ ನೋಟ ಇರುತ್ತದೆ. ಟಿಮೊಥಿಯ ಮುಖದಲ್ಲಿ ಅದು ಇದೆ. ಅದನ್ನು ಕಂಡ ರಾತ್ರಿ ನಾನು ಡಿಸ್ಕನ್ನು ನಿಲ್ಲಿಸಿ, ಹಿಂದೆ ತಿರುಗಿಸಿ, ಎರಡು ಸಲ ನೋಡಿದೆ.

ಹೊಸದರಲ್ಲಿ ಇಂಥ ಕೆಲಸಕ್ಕೆ ಕೃತಕ ಹಿಂಭಾಗಗಳನ್ನು ಮಾಡಿಸಿದ್ದಾರೆ. ಪ್ರಾಣಿಗಳಿಗೆ ಹಿಂಸೆಯಾಗದಿರಲಿ ಎಂಬ ಉದ್ದೇಶ ಒಳ್ಳೆಯದೇ, ತಕರಾರಿಲ್ಲ. ಆದರೆ ಬಾಲ ಸುಳ್ಳು ಹೇಳುವುದಿಲ್ಲ. ನಿಜವಾದ ಹಸು ಸೆಗಣಿ ಮೆತ್ತಿದ ಬಾಲದಿಂದ ಸಮಯ ನೋಡಿ ಕೆನ್ನೆಗೇ ಬಾರಿಸುತ್ತದೆ. ನಿಕೊಲಸ್ ರಾಲ್ಫ್ ಒಳ್ಳೆಯ ನಟ. ಅವರ ಜೇಮ್ಸ್ ನನ್ನ ಕೈಕೆಳಗೆ ಬಂದಿದ್ದರೆ ಖುಷಿಯಿಂದ ಕೆಲಸ ಕಲಿಸುತ್ತಿದ್ದೆ. ಆದರೂ ಅವರು ಪ್ರಸವ ಮಾಡಿಸುವಾಗ ನಾನು ನೋಡುವುದು ಬಾಲವನ್ನೇ. “ಕಥೆ ನೋಡಿ, ಬಾಲ ಬಿಡಿ” ಎನ್ನುತ್ತಾಳೆ ಇವಳು.

ಕಥೆಗೇ ಬಂದರೆ, ಯುದ್ಧದ ಮಟ್ಟಿಗೆ ಹೊಸದು ಗೆದ್ದಿದೆ. ಒಪ್ಪಿಕೊಳ್ಳದಿದ್ದರೆ ಊಟ ಸಿಗುವುದಿಲ್ಲ ಎಂದಲ್ಲ, ನಿಜವಾಗಿಯೂ ಗೆದ್ದಿದೆ. ಹಳೆಯದರಲ್ಲಿ ಯುದ್ಧ ಬರುವುದು ಮೂರನೆಯ ಸರಣಿಯ ಕೊನೆಗೆ. ಜೇಮ್ಸ್ ಮತ್ತು ಅವನನ್ನು ಕೆಲಸಕ್ಕಿಟ್ಟುಕೊಂಡ ಹಿರಿಯ ಪಶುವೈದ್ಯ ಸೀಗ್‌ಫ್ರೀಡ್ ಹೊರಡುತ್ತಾರೆ, ಮುಗಿಯಿತು. ಅದು ಪ್ರಸಾರವಾದದ್ದು 1980ರಲ್ಲಿ. 1983ರ ವಿಶೇಷ ಕಂತಿನಲ್ಲಿ ಮರಳಿ ಬರುತ್ತಾರೆ. ಇಡೀ ಮಹಾಯುದ್ಧವನ್ನು ಪ್ರೇಕ್ಷಕರು ಬೇರೆ ಏನನ್ನೋ ನೋಡುತ್ತ ಕಳೆದರು. ಹೊಸದು ಹಾಗಲ್ಲ. ಮೂರನೆಯ ಸರಣಿ 1939, ನಾಲ್ಕನೆಯದು 1940, ಐದನೆಯದು 1941. ಬಾಂಬು ಬೀಳುವುದನ್ನು ತೋರಿಸುವ ಬದಲು ಊಟದ ಮೇಜಿನ ಸುತ್ತ ಯಾರಿಲ್ಲ ಎಂಬುದನ್ನು ತೋರಿಸುತ್ತಾರೆ. ಸೀಗ್‌ಫ್ರೀಡನ ತುಂಟ ತಮ್ಮ ಟ್ರಿಸ್ಟನ್ ಸೇನೆಗೆ ಹೋಗಿ, ಒಂದು ಸರಣಿಯುದ್ದಕ್ಕೂ ಅವನ ಕುರ್ಚಿ ಖಾಲಿ. ಮನೆ ನೋಡಿಕೊಳ್ಳುವ ಮಿಸೆಸ್ ಹಾಲ್ ಅವರ ಮಗ ನೌಕಾಪಡೆಯಲ್ಲಿದ್ದಾನೆ. ಅಂಚೆಯವನು ಬಾಗಿಲಿಗೆ ಬಂದರೆ ಅವರ ಕೈ ಹಿಟ್ಟಿನಲ್ಲೇ ನಿಂತುಬಿಡುತ್ತದೆ. ಹಳೆಯದರ ಮಿಸೆಸ್ ಹಾಲ್ ವಯಸ್ಸಾದವರು, ಚಹಾ ತಂದಿಟ್ಟು ಒಳಗೆ ಹೋಗುತ್ತಾರೆ. ಹೊಸದರಲ್ಲಿ ಆನಾ ಮೇಡ್ಲಿ ಇಡೀ ಮನೆಯ ಕಂಬ. ಇವಳು ಹೊಸದರ ಪಕ್ಷ ಸೇರಿದ್ದು ಯಾಕೆಂದು ಬೇರೆ ವಿವರಣೆ ಬೇಡ.

ಬ್ರಿಟನ್ನಿನಲ್ಲಿ ಆಗ ಪಶುವೈದ್ಯರಿಗೆ ಕಡ್ಡಾಯ ಸೇನಾಸೇವೆಯಿಂದ ವಿನಾಯಿತಿ ಇತ್ತು. ದೇಶಕ್ಕೆ ಹಾಲು, ಮಾಂಸ ಬೇಕಲ್ಲ. ಹೋಗಬೇಕಾಗಿಲ್ಲದ ಜೇಮ್ಸ್ ಹೋಗಲೇ ಬೇಡವೇ ಎಂದು ತೊಳಲಾಡುವುದನ್ನು ಹೊಸದು ಚೆನ್ನಾಗಿ ಹಿಡಿದಿದೆ. ಮೊದಲ ಮಹಾಯುದ್ಧದಲ್ಲಿ ಸೇನೆಯ ಪಶುವೈದ್ಯನಾಗಿದ್ದ ಸೀಗ್‌ಫ್ರೀಡ್ ಯುದ್ಧ ಮುಗಿದ ಮೇಲೆ ಆರೋಗ್ಯವಂತ ಕುದುರೆಗಳನ್ನು ಕೊಲ್ಲಬೇಕಾಗಿ ಬಂದದ್ದನ್ನು ನೆನೆಯುವ ಕಂತೊಂದಿದೆ. ಅದು ಮುಗಿದ ಮೇಲೆ ನಾವಿಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ದನಗಳ ಕ್ಷಯ ಪರೀಕ್ಷೆಯ ಎಳೆಯನ್ನೂ ಹೊಸದರಲ್ಲಿ ತಂದಿದ್ದಾರೆ. ಕ್ಷಯವಿಲ್ಲದ ಹಿಂಡುಗಳಿಗೆ ಪ್ರಮಾಣಪತ್ರ ಕೊಡುವ ಸರಕಾರಿ ಯೋಜನೆ ಅಲ್ಲಿ 1935ರಲ್ಲಿಯೇ ಶುರುವಾಗಿತ್ತು. ಕತ್ತಿನ ಚರ್ಮಕ್ಕೆ ಚುಚ್ಚಿ, ಮೂರು ದಿನ ಬಿಟ್ಟು ಹೋಗಿ ಬಾವು ಅಳೆಯಬೇಕು. ಊದಿದ್ದರೆ ಹಸು ಹೋಯಿತು. ಕಾಲುಬಾಯಿ ಜ್ವರದ ಲಸಿಕೆ ಹಿಡಿದು ಹೋದಾಗಲೇ ದನಗಳನ್ನು ಕಾಡಿಗೆ ಅಟ್ಟಿ “ಮನೆಯಲ್ಲಿ ಒಂದೂ ಇಲ್ಲ” ಎನ್ನುತ್ತಿದ್ದವರನ್ನು ಕಂಡವನು ನಾನು. ಆ ಅಳತೆಯ ಕಡ್ಡಿ ಹಿಡಿದು ಬರುವವನನ್ನು ರೈತ ಹೇಗೆ ನೋಡುತ್ತಾನೆಂದು ನನಗೆ ಹೇಳಿಕೊಡಬೇಕಿಲ್ಲ. ಆಲ್ಫ್ ವೈಟ್ ತಮ್ಮ ಮಧುಚಂದ್ರದ ದಿನಗಳನ್ನು ಇದೇ ಪರೀಕ್ಷೆಯಲ್ಲಿ ಕಳೆದರಂತೆ. 1941ರ ನವೆಂಬರ್. ಇದನ್ನು ಇವಳಿಗೆ ಹೇಳಿದಾಗ, “ನೀವಾದರೂ ಊಟಿಗೆ ಕರೆದುಕೊಂಡು ಹೋಗಿದ್ದಿರಿ” ಎಂದಳು. ಇಷ್ಟು ವರ್ಷಗಳಲ್ಲಿ ಸಿಕ್ಕ ಮೊದಲ ಪ್ರಶಂಸೆ.

ಒಂದು ತಮಾಷೆಯಿದೆ. ಎರಡೂ ಧಾರಾವಾಹಿಗಳ ಆ ಹಿತವಾದ, ಯುದ್ಧಪೂರ್ವದ ಡ್ಯಾರೋಬಿಯನ್ನು ವೈಟ್ ಕಂಡೇ ಇರಲಿಲ್ಲ. ಪುಸ್ತಕದಲ್ಲಿ ಜೇಮ್ಸ್ ಊರಿಗೆ ಬರುವುದು 1937ರಲ್ಲಿ. ವೈಟ್ ಥರ್ಸ್ಕಿಗೆ ಬಂದದ್ದು 1940ರ ಜುಲೈಯಲ್ಲಿ. ಯುದ್ಧ ಶುರುವಾಗಿ ಹತ್ತು ತಿಂಗಳಾಗಿತ್ತು. ಸೀಗ್‌ಫ್ರೀಡ್ ಪಾತ್ರಕ್ಕೆ ಮೂಲವಾದ ಡಾನಲ್ಡ್ ಸಿಂಕ್ಲೇರ್ ವಾಯುಪಡೆಗೆ ಹೊರಟಿದ್ದರಿಂದಲೇ ಇವರಿಗೆ ಅಲ್ಲಿ ಕೆಲಸ ಸಿಕ್ಕಿತು. ವೈಟ್ ತಾವೂ 1942ರ ಕೊನೆಯಲ್ಲಿ ವಾಯುಪಡೆ ಸೇರಿ, ಶಸ್ತ್ರಚಿಕಿತ್ಸೆಯಾಗಿ, ಮರುವರ್ಷ ಮನೆಗೆ ಬಂದರು. ಹೊಸದರ ಜೇಮ್ಸ್ 1941ರಲ್ಲಿಯೇ ಸಮವಸ್ತ್ರ ಹಾಕಿಕೊಂಡಿರುತ್ತಾನೆ, ಇರಲಿ.

ಹಾಗಾದರೆ ಹಳೆಯದು ಯಾಕೆ? ಮುಖ್ಯವಾಗಿ ಸೀಗ್‌ಫ್ರೀಡ್. ರಾಬರ್ಟ್ ಹಾರ್ಡಿಯ ಸೀಗ್‌ಫ್ರೀಡ್ ಬೆಳಗ್ಗೆ ಔಷಧಿಯನ್ನು ದುಂದು ಮಾಡಬೇಡ ಎಂದು ಗದರಿ, ಸಂಜೆ ಜಿಪುಣತನ ಮಾಡಬೇಡ ಎಂದು ಗದರುವಂಥ ಮನುಷ್ಯ. ಎರಡೂ ಸಲ ಮನಸ್ಸಿಟ್ಟೇ ಹೇಳುತ್ತಾನೆ. ನನ್ನ ಮೊದಲ ಮೇಲಧಿಕಾರಿ ಹೀಗೆಯೇ ಇದ್ದರು. ಅವರ ಬಾಲ್ಯದಲ್ಲಿ ಏನಾಗಿತ್ತೆಂದು ನಾವು ಯಾರೂ ವಿಚಾರಿಸಲಿಲ್ಲ. ಸ್ಯಾಮ್ಯುಯೆಲ್ ವೆಸ್ಟ್ ಅವರ ಸೀಗ್‌ಫ್ರೀಡ್ ಸಿಡುಕಿದರೆ ಅದಕ್ಕೊಂದು ಕಾರಣ ಕಾದಿರುತ್ತದೆ: ತೀರಿಕೊಂಡ ಹೆಂಡತಿ, ಹಳೆಯ ಯುದ್ಧ, ತಮ್ಮನ ಮೇಲಿನ ಮಮತೆ. ಕಂತು ಮುಗಿಯುವುದರೊಳಗೆ ಕಣ್ಣು ಒದ್ದೆಯಾಗಿ ಯಾರಾದರೂ ಯಾರಿಗಾದರೂ ಕ್ಷಮೆ ಕೇಳಿರುತ್ತಾರೆ. ಮೂರು ತಿಂಗಳು ದಿನವೂ ನೋಡಿದರೆ ಊಟಕ್ಕೆಲ್ಲ ಪಾಯಸವನ್ನೇ ಬಡಿಸಿದಂತೆ.

ಹಳೆಯದರ ಚಿತ್ರ ಕಣ್ಣಿಗೆ ಹಿತವಲ್ಲ. ಮನೆಯೊಳಗಿನ ದೃಶ್ಯಗಳು ವಿಡಿಯೊದಲ್ಲಿ, ಹೊರಗಿನವು ಫಿಲ್ಮಿನಲ್ಲಿ. ಬಾಗಿಲು ದಾಟಿದರೆ ಬೇರೆ ಲೋಕ. ರೈತರ ಮಾತು ಅರ್ಥವಾಗಲು ಮಂಗಳೂರಿನವರು ಮೊದಲ ಸಲ ವಿಜಯಪುರದ ಸಂತೆಗೆ ಹೋದಷ್ಟು ಕಷ್ಟ. ಮಿಸೆಸ್ ಪಂಫ್ರಿಯ ನಾಯಿ ಟ್ರಿಕಿ ವೂ ಎರಡರಲ್ಲೂ ಸಮ ಸಮ ಮುದ್ದು. ಹಳೆಯದರಲ್ಲಿ ಡ್ಯಾರೋಬಿಯಾಗಿ ಕಾಣುವ ಊರು ಆಸ್ಕ್‌ರಿಗ್, ಹೊಸದರಲ್ಲಿ ಗ್ರಾಸಿಂಗ್ಟನ್. ಕಲ್ಲಿನ ಗೋಡೆಗಳು ಎರಡೂ ಕಡೆ ಚೆಂದ, ಹೊಸದರ ಹುಲ್ಲು ಮಾತ್ರ ಸ್ವಲ್ಪ ಹೆಚ್ಚೇ ಹಸಿರು.

ನನ್ನಂತೆ ರಾತ್ರಿ ಒಂದೇ ಕಂತು ನೋಡಿ ಮಲಗುವವರಿಗೆ, ದನದ ಕೊಟ್ಟಿಗೆಯ ವಾಸನೆ ಗೊತ್ತಿದ್ದವರಿಗೆ, 18 ಪೌಂಡಿನ ಹಳೆಯದೇ ಸಾಕು. ಯುದ್ಧಕಾಲದ ಮನೆ ಹೇಗಿತ್ತೆಂದು ನೋಡಬೇಕಾದರೆ ಹೊಸದರ ಮೂರನೆಯ ಸರಣಿಯಿಂದ ಹಿಡಿಯಿರಿ. ಎರಡನ್ನೂ ಕೊಳ್ಳುವವರು ಡ್ರೈವ್‌ಗಳನ್ನೂ ಎರಡು ಕೊಳ್ಳಿ.

ಡಿಸೆಂಬರಿನಲ್ಲಿ ಮಗಳು ಬರುವಾಗ ಇನ್ನೊಂದು ಡ್ರೈವ್ ತರುತ್ತಾಳಂತೆ. ಅದಕ್ಕೆ ನಾನು ಕೈ ಹಚ್ಚಕೂಡದೆಂದು ಈಗಲೇ ಆಜ್ಞೆಯಾಗಿದೆ.